ಸಿಕ್ಕಕ್ಕನ ಕೈ, ತಂಗಿಯ ಕೂದಲು

ಸಿಕ್ಕಕ್ಕನ ವಿಷಯ ಹೇಳಬೇಕೆಂದರೆ ಅವಳ ಕೈಯಿಂದಲೇ ಶುರು ಮಾಡಬೇಕು. ಮುಖ ಯಾರಿಗೂ ನೆನಪಿರುವಂಥದ್ದಲ್ಲ. ಬಸ್ಸಿನಲ್ಲಿ ಒಂದು ಗಂಟೆ ಪಕ್ಕದಲ್ಲಿ ಕೂತಿದ್ದರೂ ಇಳಿಯುವ ಹೊತ್ತಿಗೆ ಮರೆತುಬಿಡುತ್ತೀರಿ. ಆದರೆ ಕೈ ಹಾಗಲ್ಲ. ಒಂದು ಹಿಡಿ ಕೂದಲನ್ನು ಬೆರಳ ಸಂದಿಯಲ್ಲಿ ಒಮ್ಮೆ ಎಳೆದರೆ ಸಾಕು, ಅದಕ್ಕೆ ಏನೇನಾಗಿದೆ ಅಂತ ಹೇಳಿಬಿಡುತ್ತಿದ್ದಳು. "ಇದು ಬಿಸಿಲಲ್ಲಿ ದುಡಿದ ತಲೆ." "ಇದಕ್ಕೆ ಗಡಸು ನೀರು." "ಇದನ್ನ ಇಸ್ತ್ರಿ ಹಾಕಿ ಹಾಕಿ ಸಾಯ್ಸಿದಾರೆ." "ಈ ಪುಣ್ಯಾತ್ಗಿತ್ತಿ ಮೂರು ಸಲ ಬಣ್ಣ ಹಚ್ಕೊಂಡಿದಾಳೆ, ಮಾರೋವಾಗ ಬಾಯಿ ಬಿಟ್ಟಿಲ್ಲ." ನಮ್ಮ ಜೊತೆ ಕೆಲಸ ಮಾಡುವ ಬಣ್ಣದ ಮಾಮ ನೀರಲ್ಲಿ ನೆನೆಸಿ ಪರೀಕ್ಷೆ ಮಾಡಿದರೆ ಸರಿಯಾಗಿ ಮೂರು ಸಲವೇ ಆಗಿರುತ್ತಿತ್ತು.

ನಮ್ಮದು ವಿಗ್ ಮಾಡುವ ಜಾಗ. ಕಾರ್ಖಾನೆ ಅಂತ ಬೋರ್ಡು ಹಾಕಿದ್ದಾರೆ, ಇರುವುದು ಮಾತ್ರ ಒಂದು ಮುದ್ರಣಾಲಯದ ಮೇಲಿನ ಉದ್ದನೆಯ ಕೋಣೆ, ಏಳು ಕಿಟಕಿ, ಹನ್ನೊಂದು ಜನ. ಕೂದಲು ಮೂಟೆಗಳಲ್ಲಿ ಬರುತ್ತದೆ. ತೊಳೆಯುವವಳು ತೊಳೆಯುತ್ತಾಳೆ, ಸಿಕ್ಕಕ್ಕ ಸಿಕ್ಕು ಬಿಡಿಸುತ್ತಾಳೆ, ಬಣ್ಣದ ಮಾಮ ಬಣ್ಣ ಹಾಕುತ್ತಾನೆ, ನನ್ನಂಥ ಐದಾರು ಹೆಂಗಸರು ಬಲೆಯ ಟೋಪಿಗೆ ಒಂದೊಂದೇ ಎಳೆಯನ್ನು ಕೊಕ್ಕೆಯಲ್ಲಿ ಎಳೆದು ಗಂಟು ಹಾಕುತ್ತೇವೆ. ಸಿಕ್ಕಕ್ಕನ ಮುಂದೆ ಒಂದು ದಪ್ಪ ಹಲಗೆ; ಅದರ ತುಂಬ ಬೆರಳುದ್ದದ ಮೊಳೆಗಳು ಮೊನೆ ಮೇಲಾಗಿ ಒತ್ತೊತ್ತಾಗಿ ನಿಂತಿವೆ. ಕೂದಲ ಕಟ್ಟನ್ನು ಎತ್ತಿ ಆ ಮೊಳೆಗಳ ಮೇಲೆ ಬೀಸಿ ಎಳೆಯಬೇಕು, ಮತ್ತೆ ಬೀಸಿ ಎಳೆಯಬೇಕು, ಒಂದೂ ಎಳೆ ತುಂಡಾಗದ ಹಾಗೆ. ಅವಳ ಹೆಸರು ಅಲ್ಲಿಂದಲೇ ಬಂತು. ನನ್ನನ್ನು ಕತ್ತರಿ ಅನ್ನುತ್ತಾರೆ. ಅದು ಕೆಲಸದಿಂದ ಬಂದದ್ದಲ್ಲ, ಬಾಯಿಂದ ಬಂದದ್ದು.

ಮೊದಲೇ ಹೇಳಿಬಿಡುತ್ತೇನೆ, ಇದು ಸುಖವಾಗಿ ಮುಗಿಯುವ ಕಥೆಯಲ್ಲ. ಸಿಕ್ಕಕ್ಕನಿಗೆ ಇದ್ದದ್ದು ಒಬ್ಬಳೇ ತಂಗಿ, ಆ ತಂಗಿಯನ್ನು ಅವಳು ಉಳಿಸಿಕೊಳ್ಳಲಿಲ್ಲ. ಉಳಿಸಿಕೊಳ್ಳಲು ಪಟ್ಟ ಪಾಡೇ ಮುಳುವಾಯಿತು. ಅದಕ್ಕೆ ನಾವೆಲ್ಲ ಕೈ ಜೋಡಿಸಿದವರು. ಆದ್ದರಿಂದ ಇದನ್ನು ಓದುವಾಗ ಪಾಪ ಸಿಕ್ಕಕ್ಕ ಅಂತ ಮಾತ್ರ ಅನ್ನಬೇಡಿ. ನಮ್ಮನ್ನೂ ಸೇರಿಸಿಕೊಂಡು ಬೈಯಿರಿ.

ಅಮ್ಮ ಸತ್ತಾಗ ಸಿಕ್ಕಕ್ಕನಿಗೆ ಹದಿನೆಂಟು, ತಂಗಿಗೆ ಆರು. ಅಪ್ಪ ಇದ್ದೂ ಇಲ್ಲದವನು. ಇನ್ನೊಂದು ಸಂಸಾರ ಕಟ್ಟಿಕೊಂಡು ಆ ಕಡೆ ಹೋದವನು ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬೀಗ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಅಕ್ಕ ತಂಗಿ ಇಬ್ಬರೇ. ಅಕ್ಕನಿಗೆ ಒಂದು ಸಂಬಂಧ ಕೂಡಿಬಂದಿತ್ತಂತೆ. "ತಂಗೀನೂ ಕರ್ಕೊಂಡು ಬರ್ತೀನಿ" ಅಂದಳು. ಅವರು ಆಗಲಿ ಅಂತ ಹೇಳಿ ಹೋದವರು ಮತ್ತೆ ಬರಲಿಲ್ಲ. ಆಮೇಲೆ ತಂಗಿಗೂ ಬಂತು. ಅವಳು, "ಅಕ್ಕನ್ನ ಬಿಟ್ಟು ಬರಲ್ಲ" ಅಂದಳು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬಂದುಕೊಂಡು ಒಂದೇ ಮನೆಯಲ್ಲಿ ಉಳಿದರು. ಅದರ ಬಗ್ಗೆ ಇಬ್ಬರಿಗೂ ಬೇಸರವಿದ್ದ ಹಾಗೆ ನನಗೆ ಯಾವತ್ತೂ ಕಾಣಲಿಲ್ಲ.

ಬೆಳಿಗ್ಗೆ ಆರೂವರೆಗೆ ತಂಗಿ ಕುರ್ಚಿಯಲ್ಲಿ ಕೂರಬೇಕು, ಅಕ್ಕ ಹಿಂದೆ ನಿಂತು ತಲೆ ಬಾಚಬೇಕು. ತಂಗಿಗೆ ಆರು ವರ್ಷವಿದ್ದಾಗ ಶುರುವಾದದ್ದು ಮೂವತ್ತೈದಾದರೂ ನಿಂತಿರಲಿಲ್ಲ. ಜಗಳವೂ ಅಲ್ಲೇ, ರಾಜಿಯೂ ಅಲ್ಲೇ. ತಂಗಿ ಬಸ್ ನಿಲ್ದಾಣದಲ್ಲಿ ಘೋಷಣೆ ಹೇಳುವ ಕೆಲಸದಲ್ಲಿದ್ದಳು. "ಪ್ರಯಾಣಿಕರ ಗಮನಕ್ಕೆ" ಅಂತ ದಿನಕ್ಕೆ ಮುನ್ನೂರು ಸಲ ಹೇಳುವ ಆ ತಣ್ಣನೆಯ ದನಿ ಅವಳದು. ಊರಿನ ಅರ್ಧ ಜನ ಅವಳ ಮುಖ ನೋಡಿದವರಲ್ಲ, ಆದರೆ ಅವಳ ದನಿ ಕೇಳಿ ಓಡಿಹೋಗಿ ಬಸ್ಸು ಹತ್ತಿದವರು. ಸಿಕ್ಕಕ್ಕನಿಗೆ ಅದರ ಜಂಬ ಎಷ್ಟಿತ್ತೆಂದರೆ, ಎಲ್ಲೂ ಹೋಗುವ ಕೆಲಸವಿಲ್ಲದಿದ್ದರೂ ರಜೆಯ ದಿನ ನಿಲ್ದಾಣದ ಬೆಂಚಿನ ಮೇಲೆ ಹೋಗಿ ಕೂತು ಕೇಳಿಕೊಂಡು ಬರುತ್ತಿದ್ದಳು.

ಒಂದು ದಿನ ಸಿಕ್ಕಕ್ಕ ಕಾಗದದ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಬಾಚಣಿಗೆಯಿಂದ ತೆಗೆದ ಒಂದು ಚಿಟಿಕೆ ಕೂದಲು.

"ಮುಟ್ಟಿ ನೋಡೇ ಕತ್ತರಿ."

ಮುಟ್ಟಿದೆ. ಒಣಹುಲ್ಲಿನ ಹಾಗೆ ಒರಟಾಗಿತ್ತು, ಮಡಚಿದರೆ ಪಟ್ಟನೆ ತುಂಡಾಯಿತು.

"ಯಾವ ಮೂಟೇದು? ವಾಪಸ್ ಕಳ್ಸು, ಕೈ ಹಾಳಾಗುತ್ತೆ" ಅಂದೆ.

"ಮೂಟೇದಲ್ಲ ಕಣೇ. ನಮ್ಮ ಹುಡುಗೀದು."

ಮೂವತ್ತೈದು ವರ್ಷದವಳು ಅವಳಿಗೆ ಹುಡುಗಿಯೇ. ಸಿಕ್ಕಕ್ಕನ ಮುಖ ಅಷ್ಟು ಸಣ್ಣಗಾಗಿತ್ತು, ನನಗೆ ನಗಲು ಮನಸ್ಸಾಗಲಿಲ್ಲ.

ನಮ್ಮ ಕೆಲಸದವರು ಕೂದಲನ್ನು ಹೇಗೆ ನೋಡುತ್ತಾರೆ ಅನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಕೈಗೆ ಬರುವುದು ಕತ್ತರಿಸಿದ ಕೂದಲು. ಅದಕ್ಕೆ ತಲೆಯಿಲ್ಲ, ಮೈಯಿಲ್ಲ, ಹೊಟ್ಟೆಯಿಲ್ಲ. ಒಳಗಿನಿಂದ ಅದಕ್ಕೆ ಏನೂ ಬರುವುದಿಲ್ಲ. ಬಂದರೆ ಹೊರಗಿನಿಂದಲೇ ಬರಬೇಕು. ಒಣಗಿದೆಯಾ, ಯಾರೋ ಒಣಗಿಸಿದ್ದಾರೆ: ಬಿಸಿಲು, ಸೋಪು, ನೀರು, ಇಸ್ತ್ರಿ. ಮೆತ್ತಗಾಗಬೇಕಾ, ನಾವು ಮೆತ್ತಗೆ ಮಾಡಬೇಕು: ಎಣ್ಣೆ, ಲೋಳೆ, ತಣ್ಣೀರು, ತಾಳ್ಮೆ. ಮೂವತ್ತು ವರ್ಷ ಇದನ್ನೇ ಮಾಡಿದವಳಿಗೆ ಬೇರೆ ಥರ ಯೋಚನೆ ಮಾಡಲು ಬರುವುದಿಲ್ಲ. ಹೊಲದಲ್ಲಿ ದುಡಿಯುವವಳಾಗಿದ್ದರೆ ಎಲೆ ಒಣಗಿದ್ದು ನೋಡಿ ಬೇರು ಕೆದಕುತ್ತಿದ್ದಳೇನೋ. ನಾವು ಬೇರು ಕಂಡವರಲ್ಲ.

ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆಯಲ್ಲಿ ದೊಡ್ಡ ಪಂಚಾಯಿತಿ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮ್ಮಲ್ಲಿ ನಡೆಯುವುದಿಲ್ಲ. ಹಿತ್ತಲೇ ಇಲ್ಲದ ನಾವು ಹಿತ್ತಲ ಗಿಡ ಬಿಟ್ಟು ಬೇರೆ ಮದ್ದನ್ನು ನಂಬಿದವರಲ್ಲ. ತೊಳೆಯುವವಳು ಅಂದಳು, "ಮೊಟ್ಟೆ ಹಚ್ಚು ಅಕ್ಕ, ಹಳದಿ ಮಾತ್ರ. ಆಮೇಲೆ ಅಪ್ಪಿತಪ್ಪಿ ಬಿಸಿನೀರು ಹುಯ್ದೀಯ, ತಲೆ ಮೇಲೇ ಬೆಂದು ಹೋಗುತ್ತೆ." ಬಣ್ಣದ ಮಾಮ ಅಂದ, "ಹುಳಿ ಮೊಸರು, ಅರ್ಧ ಗಂಟೆ." ಅವನ ತಲೆಯೋ ಹೊಳೆಯುವ ತಾಮ್ರದ ಚೊಂಬು. "ಮಾಮ, ನಿನ್ನ ತಲೆ ನೋಡಿದ ಮೇಲೂ ಮೊಸರು ಹಚ್ಚೋ ಧೈರ್ಯ ಯಾರಿಗಿದೆ?" ಅಂತ ನಾನು ಕೇಳಿದೆ, ಎಲ್ಲರೂ ನಕ್ಕರು. ನನ್ನ ಪಾಲಿನ ಮದ್ದು ಕಳಿತ ಬಾಳೆಹಣ್ಣು ಮತ್ತು ಜೇನುತುಪ್ಪ. ಎಲ್ಲಿ ಕೇಳಿದ್ದೋ ನೆನಪಿಲ್ಲ, ಆದರೆ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದವಳ ಹಾಗೆ ಹೇಳಿದೆ.

ಸಿಕ್ಕಕ್ಕ ಎಲ್ಲವನ್ನೂ ಮಾಡಿದಳು. ವಾರಕ್ಕೊಂದು. ಬಾಳೆಹಣ್ಣಿನ ಚೂರುಗಳು ಎರಡು ದಿನ ತಲೆಯಿಂದ ಉದುರಿದವಂತೆ. ತಂಗಿ ಮಧ್ಯಾಹ್ನ ನಮ್ಮಲ್ಲಿಗೆ ಬಂದಾಗ ನನ್ನ ಮುಂದೆ ನಿಂತು ಹೇಳಿದಳು, "ಕತ್ತರಿ ಅಕ್ಕ, ನಿನ್ನ ಜೇನುತುಪ್ಪದ ದೆಸೆಯಿಂದ ಮೈಕಿನ ಮೇಲೆ ಇರುವೆ ಸಾಲು. 'ಪ್ರಯಾಣಿಕರ ಗಮನಕ್ಕೆ' ಅನ್ನೋದ್ರೊಳಗೆ ಒಂದು ತುಟಿಗೆ ಕಚ್ತು." ಅಂಥ ತಮಾಷೆಯ ಹೆಣ್ಣು ಅವಳು. ಅವಳು ಬಂದರೆ ಕೋಣೆಯಲ್ಲಿ ಅರ್ಧ ಗಂಟೆ ಕೆಲಸ ಕೆಡುತ್ತಿತ್ತು, ಯಜಮಾನರೂ ಬೈಯುತ್ತಿರಲಿಲ್ಲ.

ಆಟ ಮುಗಿದ ಮೇಲೆ ಸಿಕ್ಕಕ್ಕ ತನ್ನ ದಾರಿಗೆ ಬಂದಳು. ಮೊಟ್ಟೆ, ಮೊಸರು, ಹಣ್ಣು ಎಲ್ಲ ಕೈಬಿಟ್ಟಳು. ಶನಿವಾರ ಸಂಜೆ ಕೊಬ್ಬರಿ ಎಣ್ಣೆಗೆ ಕಾಲು ಪಾಲು ಹರಳೆಣ್ಣೆ ಬೆರೆಸಿ, ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ ಹಚ್ಚುವುದು. ಬುಡಕ್ಕಲ್ಲ, ನಡುವಿನಿಂದ ತುದಿಗೆ. ಭಾನುವಾರ ಲೋಳೆಸರದ ತಿರುಳು, ಅದೂ ಹಳದಿ ರಸ ಸೋರಿಹೋದ ಮೇಲೆ. ಮೆಂತ್ಯ ನೆನೆಸಿ ರುಬ್ಬಿದ್ದು ಹದಿನೈದು ದಿನಕ್ಕೊಮ್ಮೆ. ತೊಳೆಯಲು ಕುದಿಸಿ ಆರಿಸಿದ ನೀರು. ಒದ್ದೆಯಿದ್ದಾಗಲೇ ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನು ಎಳೆ ಎಳೆಗೂ ಸವರುವುದು. ದಿಂಬಿಗೆ ನುಣುಪಾದ ಬಟ್ಟೆ. ಇದೆಲ್ಲ ನಮ್ಮ ಹಲಗೆಯ ಮೇಲೆ ಕೆಟ್ಟುಹೋದ ಕಟ್ಟುಗಳಿಗೆ ಅವಳು ಮಾಡಿ ಗೆದ್ದದ್ದೇ.

ಅವಳ ಇನ್ನೊಂದು ಅಭ್ಯಾಸವೂ ಕಾರ್ಖಾನೆಯದೇ. ನಾವು ಪ್ರತಿ ಮೂಟೆಯಿಂದ ಒಂದು ಎಸಳು ತೆಗೆದು ರಟ್ಟಿಗೆ ಅಂಟಿಸಿ ತಾರೀಖು ಬರೆದಿಡುತ್ತೇವೆ, ಮುಂದೆ ತಕರಾರು ಬಂದರೆ ತೋರಿಸಲು. ಅವಳು ತಂಗಿಯ ಕೂದಲಿಗೂ ಹಾಗೇ ಮಾಡಿದಳು. ಪ್ರತಿ ಭಾನುವಾರ ಬಾಚಣಿಗೆಯಲ್ಲಿ ಸಿಕ್ಕಿದ ನಾಲ್ಕು ಎಳೆ, ಪಕ್ಕದಲ್ಲಿ ತಾರೀಖು, ಕೆಳಗೆ ಆ ವಾರ ಹಚ್ಚಿದ್ದು. ರಟ್ಟು ಉದ್ದವಾಗುತ್ತಾ ಹೋದ ಹಾಗೆ ಕೂದಲೂ ನುಣುಪಾಗುತ್ತಾ ಬಂತು. ಎಂಟು ತಿಂಗಳಿಗೆ ನೋಡಬೇಕಿತ್ತು ಆ ಜಡೆಯನ್ನು! ಬಣ್ಣದ ಮಾಮ ಅದನ್ನು ಬೆಳಕಿಗೆ ಹಿಡಿದು, "ಇದನ್ನ ನಮಗೆ ಮಾರಿಬಿಡಮ್ಮ" ಅಂತ ರೇಗಿಸಿದ. "ತಲೆ ಸಮೇತ ತಗೋಬೇಕು ಮಾಮ, ಬಿಡಿ ಬಿಡಿಯಾಗಿ ಕೊಡಲ್ಲ" ಅಂದಳು ತಂಗಿ.

ಕೂದಲು ಹೀಗಾಗುತ್ತಿದ್ದಾಗ ಮಿಕ್ಕವಳು ಹೇಗಾಗುತ್ತಿದ್ದಳು ಅಂತ ಈಗ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಬೇಸಿಗೆಯಲ್ಲೂ ಸ್ವೆಟರ್ ಹಾಕುತ್ತಿದ್ದಳು. ಘೋಷಣೆ ಕೋಣೆಯ ಏಸಿ ಅಂದೆವು. ಮೈ ಬಂತು, ಕೂತು ಮಾಡುವ ಕೆಲಸ ಅಂದೆವು. ಕಣ್ಣ ಕೆಳಗೆ ಊದಿತ್ತು. ಪಾಳಿ ಬದಲಾಯಿತಲ್ಲ, ಅದಕ್ಕೇ. ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಮೈ ಬಂದಿದೆಯಲ್ಲ, ಅದಕ್ಕೇ. ಹುಬ್ಬಿನ ಹೊರತುದಿ ಅರ್ಧ ಉದುರಿಹೋಗಿತ್ತು. ಅದನ್ನು ಮೊದಲು ಕಂಡವಳು ನಾನೇ. "ಏನೇ, ಹುಬ್ಬು ತೀಡೋರಿಗೆ ಅರ್ಧ ಕೂಲಿ ಕೊಟ್ಟು ಓಡಿಬಂದ್ಯಾ?" ಅಂತ ಕೇಳಿ ನಗಿಸಿದೆ. ನಮ್ಮ ಹತ್ತಿರ ಪ್ರತಿಯೊಂದಕ್ಕೂ ಒಂದೊಂದು ಕಾರಣವಿತ್ತು. ಎಲ್ಲಕ್ಕೂ ಸೇರಿ ಒಂದೇ ಕಾರಣವಿರಬಹುದು ಅಂತ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ದನಿಯೂ ಬದಲಾಗಿತ್ತು. ಸ್ವಲ್ಪ ಗೊಗ್ಗರಾಗಿ, ನಿಧಾನವಾಗಿ, ಮಾತು ಮಾತಿನ ನಡುವೆ ಜಾಗ ಬಿಟ್ಟು ಬರುತ್ತಿತ್ತು. ಊರಿಗೆ ಊರೇ ದಿನಕ್ಕೆ ಮುನ್ನೂರು ಸಲ ಕೇಳಿತು. "ಈಗ ಸರಿಯಾಗಿ ಅರ್ಥ ಆಗುತ್ತೆ, ಮುಂಚೆ ತುಂಬಾ ವೇಗ" ಅಂತ ಪ್ರಯಾಣಿಕರೊಬ್ಬರು ಮೆಚ್ಚಿ ಕಾಗದ ಬರೆದರಂತೆ.

ನಿಲ್ದಾಣದವರು ವರ್ಷಕ್ಕೊಮ್ಮೆ ಕೆಲಸಗಾರರಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸುತ್ತಾರೆ. ಕೂದಲಿಗೆ ಕೈ ಹಾಕಿ ಹನ್ನೊಂದನೇ ತಿಂಗಳು ಅದು ಬಂತು. ಮಾರನೇ ದಿನ ತಂಗಿ ನಮ್ಮ ಕೋಣೆಗೆ ಬಂದಳು, ಮೆಟ್ಟಿಲು ಹತ್ತಿದ ಏದುಸಿರು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೇಳಿದಳು.

"ಅಕ್ಕ, ನಿನ್ನೆ ನಿನ್ನ ಮಾನ ಉಳಿಸಿದೆ ಗೊತ್ತಾ? ಡಾಕ್ಟ್ರು ಸುಸ್ತಾಗುತ್ತಾ ಅಂದ್ರು, ಪಾಳಿ ಸರ್ ಅಂದೆ. ಚಳಿ ಆಗುತ್ತಾ ಅಂದ್ರು, ಏಸಿ ಸರ್ ಅಂದೆ. ತೂಕ ನೋಡಿದ್ರು, ಗಂಟಲು ಮುಟ್ಟಿ ನೋಡಿದ್ರು, ರಕ್ತ ಪರೀಕ್ಷೆಗೆ ಚೀಟಿ ಬರೆಯೋಣ ಅಂತ ಪೆನ್ನು ತೆಗೆದ್ರು. ಕೊನೆಗೆ, ಕೂದಲು ಒಣಗಿ ಒರಟಾಗಿದೆಯಾ, ಉದುರುತ್ತಾ ಅಂತ ಕೇಳಿದ್ರು. ನಾನು ಜಡೆ ಮುಂದಕ್ಕೆ ಹಾಕಿ, ನೀವೇ ಮುಟ್ಟಿ ನೋಡಿ ಸರ್, ನಮ್ಮಕ್ಕ ಕೂದಲ ಡಾಕ್ಟ್ರು ಅಂದೆ. ನೋಡಿದ್ರು, ನಕ್ಕರು. ಇಷ್ಟು ಒಳ್ಳೆ ಕೂದಲು ಇಟ್ಕೊಂಡಿರೋರಿಗೆ ಏನಾಗಿರುತ್ತಮ್ಮ, ಸ್ವಲ್ಪ ನಡೆದಾಡಿ, ತೂಕ ಇಳಿಸಿ ಅಂತ ಪೆನ್ನು ಜೇಬಿಗೆ ಹಾಕ್ಕೊಂಡ್ರು!"

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಸಿಕ್ಕಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಾಚಿಕೊಂಡಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಯಜಮಾನರು ಎಲ್ಲರಿಗೂ ಚಹಾ ತರಿಸಿದರು.

ಮೂರು ತಿಂಗಳು ಕಳೆಯಿತು. ಚಳಿಗಾಲ. ತಂಗಿಯ ದನಿ ತೀರಾ ಒಡೆದುಹೋಗಿತ್ತು, ಹೇಳುತ್ತಿದ್ದ ಬಸ್ಸಿನ ನಂಬರೇ ಮರೆತು ನಡುವೆ ನಿಂತುಬಿಡುತ್ತಿದ್ದಳು. ಅವಳನ್ನು ಮೈಕಿನ ಮುಂದಿನಿಂದ ಎಬ್ಬಿಸಿ, ಪ್ರಯಾಣಿಕರು ಕಳೆದುಕೊಂಡ ಸಾಮಾನು ಇಡುವ ಕೌಂಟರಿಗೆ ಹಾಕಿದರು. ಕೊಡೆ, ಚೀಲ, ಮಕ್ಕಳ ಚಪ್ಪಲಿಯ ನಡುವೆ ಕೂತು ತೂಕಡಿಸುತ್ತಿದ್ದಳಂತೆ. ಬೇಸರಕ್ಕೆ ಹಾಗಾಗಿದ್ದಾಳೆ ಅಂತ ಸಿಕ್ಕಕ್ಕ ತಿಳಿದಳು. ಮೂವತ್ತು ವರ್ಷ ಸಾಕಿದ ದನಿ ಹೋಯಿತಲ್ಲ ಅಂತ ಇವಳಿಗೇ ಅಷ್ಟು ಸಂಕಟವಿರುವಾಗ ಅವಳಿಗೆ ಇರುವುದಿಲ್ಲವೇ? ಅದಕ್ಕೂ ಅವಳಿಗೆ ತಿಳಿದ ಮದ್ದು ಒಂದೇ. ಬೆಳಿಗ್ಗೆ ಇನ್ನೂ ಹತ್ತು ನಿಮಿಷ ಹೆಚ್ಚು ಕೂರಿಸಿಕೊಂಡು ತಲೆ ಬಾಚಿದಳು.

ಒಂದು ವಾರ ಕೆಮ್ಮು ಬಂತು. ಎಂಟನೇ ಬೆಳಿಗ್ಗೆ ಆರೂವರೆಗೆ ಸಿಕ್ಕಕ್ಕ ಕುರ್ಚಿ ಎಳೆದಿಟ್ಟು ಕರೆದಳು. ಏಳಲಿಲ್ಲ. ಅಲ್ಲಾಡಿಸಿದಳು. ಕಣ್ಣು ಅರ್ಧ ತೆರೆದವು, ಮುಚ್ಚಿದವು. ಕಂಬಳಿಯೊಳಗೆ ಮಲಗಿದ್ದ ಮೈ ಕಲ್ಲಿನಷ್ಟು ತಣ್ಣಗಿತ್ತು. ಕೆಳಗಿನ ಬೀಗದ ಅಂಗಡಿಯವನು ಬಾಗಿಲು ತೆರೆಯುತ್ತಿದ್ದವನು ಓಡಿಬಂದು ಆಂಬುಲೆನ್ಸ್ ಕರೆಸಿದ. ನಾನು ಕೆಲಸಕ್ಕೆ ಹೋದವಳು ಸುದ್ದಿ ಕೇಳಿ ಚೀಲವನ್ನೂ ಕೆಳಗಿಡದೆ ಆಸ್ಪತ್ರೆಗೆ ಹೋದೆ.

ಸಂಜೆ ನಾಲ್ಕಕ್ಕೆ ದೊಡ್ಡ ಡಾಕ್ಟರಮ್ಮ ನಮ್ಮನ್ನು ಒಳಗೆ ಕರೆದರು. ಕೋಪದವರಲ್ಲ, ಆದರೆ ಸುತ್ತಿ ಬಳಸಿ ಮಾತಾಡುವವರೂ ಅಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ, ಮೈಯನ್ನು ಬೆಚ್ಚಗೆ ಇಟ್ಟು ನಡೆಸುವುದು ಅದರ ಕೆಲಸ, ಇವರದು ಬಹಳ ದಿನದಿಂದ ನಿಂತುಹೋಗಿದೆ, ಈಗ ಎದೆಯ ಸೋಂಕು ಬಂದು ಮೈ ಪೂರ್ತಿ ಕೈಬಿಟ್ಟಿದೆ ಅಂತ ಹೇಳಿದರು. ಆಮೇಲೆ ಒಂದೊಂದೇ ಕೇಳಿದರು. ಚಳಿ? ಹೌದು. ತೂಕ? ಹೌದು. ದನಿ? ಹೌದು. ಪ್ರತಿ ಹೌದಿಗೂ ಸಿಕ್ಕಕ್ಕ ಕುರ್ಚಿಯಲ್ಲಿ ಕುಗ್ಗುತ್ತಾ ಹೋದಳು.

"ಕೂದಲು ಒಣಗಿರಬೇಕಲ್ಲ? ಇವರಿಗೆ ಅದೊಂದೇ ಕಾಣಿಸ್ತಿಲ್ಲ. ಅದೇ ನಮಗೂ ಆಶ್ಚರ್ಯ."

ಸಿಕ್ಕಕ್ಕ ಚೀಲದಿಂದ ರಟ್ಟು ತೆಗೆದಳು. ಅದನ್ನು ಯಾಕೆ ಹಾಕಿಕೊಂಡು ಬಂದಿದ್ದಳೋ ಗೊತ್ತಿಲ್ಲ. ಬೆಳಿಗ್ಗೆಯ ಗಾಬರಿಯಲ್ಲಿ ತಂಗಿಯದು ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡಿದ್ದಳು. ಮೇಜಿನ ಮೇಲಿಟ್ಟಳು. ಹದಿನಾಲ್ಕು ತಿಂಗಳ ಭಾನುವಾರಗಳು. ಡಾಕ್ಟರಮ್ಮ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಬ್ಬೆರಳು ಎಳೆದರು. ತಾರೀಖು ಓದಿದರು, ಕೆಳಗೆ ಬರೆದದ್ದನ್ನು ಓದಿದರು.

"ಇದನ್ನ ನೀವೇ ಮಾಡಿದ್ರಾ?"

"ಹೌದಮ್ಮ. ತಪ್ಪಾಯ್ತಾ?"

"ಕೂದಲಿಗೆ ಏನೂ ತಪ್ಪಾಗಿಲ್ಲ" ಅಂದರು ಅವರು. ಅವರ ಮುಖ ನೋಡಿದರೆ ಅವರಿಗೂ ಆ ಮಾತು ಹೇಳಲು ಕಷ್ಟವಾಗಿತ್ತು.

ನನ್ನ ಬಾಯಿ ಗೊತ್ತಲ್ಲ, ಸುಮ್ಮನಿರಲಿಲ್ಲ. ಮುಂಚೆಯೇ ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿಬಿಟ್ಟೆ. ಒಂದು ಮಾತ್ರೆ, ಅಂದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ದಿನಕ್ಕೊಂದು. ನಾನು ಇನ್ನೇನಾದರೂ ಹೇಳುತ್ತಾರೆ ಅಂತ ಕಾದೆ. ಅಷ್ಟೇ ಅಂದರು. ಆ ಪ್ರಶ್ನೆಯನ್ನು ಸಿಕ್ಕಕ್ಕನ ಎದುರಿಗೆ ಕೇಳಬಾರದಿತ್ತು. ನನ್ನ ಜನ್ಮದಲ್ಲಿ ನಾನು ಆಡಿದ ಮಾತುಗಳಲ್ಲಿ ವಾಪಸ್ ತೆಗೆದುಕೊಳ್ಳಲು ಸಿಕ್ಕಿದ್ದರೆ ಅದೊಂದನ್ನು ತೆಗೆದುಕೊಳ್ಳುತ್ತಿದ್ದೆ.

ಎರಡು ದಿನ ಸಿಕ್ಕಕ್ಕ ಆ ಹಾಸಿಗೆಯ ಪಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ನಳಿಗೆಗಳ ನಡುವೆ ಜಡೆ ಮಾತ್ರ ದಿಂಬಿನ ಮೇಲೆ ಮಿರಮಿರ ಮಿಂಚುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ. ನರ್ಸು ಬಾಚಣಿಗೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಕಾಲ ಹತ್ತಿರ ಕೂತು ಪಾದಗಳನ್ನು ತನ್ನ ಸೆರಗಲ್ಲಿ ಸುತ್ತಿ ಉಜ್ಜುತ್ತಿದ್ದಳು, ಬೆಚ್ಚಗಾಗಲಿ ಅಂತ. ಮೂರನೇ ದಿನ ಮಧ್ಯಾಹ್ನ ಹನ್ನೆರಡೂಕಾಲಿಗೆ ತಂಗಿ ಹೋದಳು. ಒಂದು ಮಾತೂ ಆಡದೆ ಹೋದಳು, ದಿನಕ್ಕೆ ಮುನ್ನೂರು ಸಲ ಊರಿಗೆಲ್ಲ ಹೇಳಿದವಳು.

ಮೈ ತೊಳೆದು ಬಟ್ಟೆ ಹಾಕಲು ಆಸ್ಪತ್ರೆಯ ಹೆಂಗಸೊಬ್ಬಳು ಬಂದಳು. ಒಳ್ಳೆಯವಳು, ಕೈ ಮೃದು. ಜಡೆ ಬಿಚ್ಚುತ್ತಾ ಅಂದಳು, "ಅಯ್ಯೋ, ಎಂಥಾ ಕೂದಲಮ್ಮ! ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದು ನೋಡಿಲ್ಲ. ಏನು ಹಚ್ತಿದ್ರಿ?" ಹೊಗಳಿಕೆಯಾಗಿಯೇ ಅಂದದ್ದು. ನಾನು ಅವಳ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋಗಬೇಕಾಯಿತು, ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ. ಒಳಗೆ ಬಂದಾಗ ಸಿಕ್ಕಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು. ತಲೆ ಬಾಚಿದ್ದು ನಾನು.

ಹದಿನಾರು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಳು. ಬಾರದೆ ಏನು ಮಾಡುತ್ತಾಳೆ? ಎರಡು ಕೋಣೆಯಲ್ಲಿ ಒಬ್ಬಳೇ ಎಷ್ಟು ಹೊತ್ತು ಅಂತ ಕೂತಾಳು? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ; ನಮ್ಮ ಯಜಮಾನರು ಹನ್ನೊಂದು ಜನಕ್ಕೂ ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲರದ್ದೂ ಸರಿಯಾಗಿತ್ತು. ಆ ಚೀಟಿಗಳು ಬಂದ ದಿನ ಕೋಣೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎಲ್ಲರೂ ಅವಳಿಗೆ ಸಮಾಧಾನ ಹೇಳಿದರು. ಬಣ್ಣದ ಮಾಮ, "ಹಣೆಬರಹ ಕಣಮ್ಮ" ಅಂದ. ತೊಳೆಯುವವಳು, "ನೀನೇನು ಮಾಡಕ್ಕಾಗ್ತಿತ್ತು ಅಕ್ಕ, ಅಷ್ಟು ಚೆನ್ನಾಗಿ ನೋಡ್ಕೊಂಡೆ" ಅಂದಳು. ಸಿಕ್ಕಕ್ಕ ತಲೆಯಾಡಿಸುತ್ತಿದ್ದಳು, ಕೂದಲ ಕಟ್ಟನ್ನು ಮೊಳೆಗಳ ಮೇಲೆ ಬೀಸಿ ಎಳೆಯುತ್ತಿದ್ದಳು. ಒಂದು ಎಳೆಯೂ ತುಂಡಾಗುತ್ತಿರಲಿಲ್ಲ. ಕೈಗೆ ಮಾತ್ರ ಏನೂ ಆಗಿರಲಿಲ್ಲ. ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಕೆಳಗೆ ಹೋಗಿದ್ದರು. ನನಗೆ ಒಂದು ಟೋಪಿ ಮುಗಿಸಿ ಕೊಡುವುದಿತ್ತು, ಕೂತಿದ್ದೆ. ಅವಳೂ ಎದ್ದಿರಲಿಲ್ಲ.

"ಲೇ ಕತ್ತರಿ" ಅಂದಳು. "ಒಂದು ಮಾತು ಕೇಳ್ತೀನಿ. ಎಲ್ಲರ ಥರ ನುಂಗಿ ನುಂಗಿ ಹೇಳ್ಬೇಡ."

"ಕೇಳಕ್ಕ."

"ಅವತ್ತು ಆ ಡಾಕ್ಟ್ರು ಪೆನ್ನು ತೆಗೆದ್ರಲ್ಲ. ಅವಳ ಕೂದಲು ಹಾಗೇ ಒರಟಾಗೇ ಇದ್ದಿದ್ರೆ, ಚೀಟಿ ಬರೀತಿದ್ರಾ?"

ಹೇಳಲು ನನ್ನ ಹತ್ತಿರ ಏನೇನೋ ಇತ್ತು. ಆ ಡಾಕ್ಟರಿಗೆ ಬುದ್ಧಿ ಬೇಡವಾ, ಮಿಕ್ಕದ್ದೆಲ್ಲ ಕಣ್ಣಿಗೆ ರಾಚುತ್ತಿರುವಾಗ ಒಂದು ಜಡೆ ನೋಡಿ ಪೆನ್ನು ಮುಚ್ಚುತ್ತಾರಾ ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಬಾಳೆಹಣ್ಣು ಹೇಳಿದವಳು ನಾನು, ಹುಬ್ಬು ಕಂಡು ನಕ್ಕವಳು ನಾನು, ನನ್ನನ್ನು ಬೈಯಕ್ಕ ಅನ್ನಬಹುದಿತ್ತು. ಆದರೆ ಅವಳು ಕೇಳಿದ್ದು ಅದಲ್ಲ. ಎರಡು ತಿಂಗಳಿಂದ ಹತ್ತು ಜನರ ಸಮಾಧಾನವನ್ನು ತಲೆಯಾಡಿಸಿ ಕೇಳಿಸಿಕೊಂಡು, ಕೊನೆಗೆ ನನ್ನನ್ನು ಆರಿಸಿಕೊಂಡು ಕೇಳುತ್ತಿದ್ದಳು.

"ಬರೀತಿದ್ರು ಅಕ್ಕ" ಅಂದೆ.

"ಮಾತ್ರೆ ಕೊಡ್ತಿದ್ರು."

"ಕೊಡ್ತಿದ್ರು."

"ನಾನು ಸುಮ್ನೆ ಇದ್ದಿದ್ರೆ ಸಾಕಾಗಿತ್ತು."

"ಹೌದು."

ಅವಳು ಕೈಯಲ್ಲಿದ್ದ ಕಟ್ಟನ್ನು ಹಲಗೆಯ ಮೇಲೆ ಇಟ್ಟಳು.

"ಮೂವತ್ತು ವರ್ಷದಲ್ಲಿ ಅವಳಿಗೋಸ್ಕರ ಏನೂ ಮಾಡದೆ ಸುಮ್ನೆ ಇದ್ದ ದಿನ ಒಂದೂ ಇಲ್ಲ ಕಣೇ" ಅಂದಳು. ಆಮೇಲೆ ಅತ್ತಳು. ನಾನು ಸಮಾಧಾನ ಹೇಳಲಿಲ್ಲ, ಎದ್ದು ಹೋಗಿ ಅವಳ ಪಕ್ಕ ಕೂತೆ.